ದೊಡ್ಡಮ್ಮನ ಕತ್ತಿನ ಎರಡು ಫಿಲಂ

ತಲೆ ಅಲ್ಲಾಡಿಸದೆ ಬದುಕುವುದು ನಮ್ಮ ಕಡೆ ಎಷ್ಟು ಕಷ್ಟ ಎಂಬುದು ದೊಡ್ಡಮ್ಮನ ಕತ್ತಿಗೆ ಪಟ್ಟಿ ಬಿದ್ದ ಮೇಲೆಯೇ ನಮಗೆ ಗೊತ್ತಾದದ್ದು. ಹೌದು ಎನ್ನುವುದಕ್ಕೆ, ಇಲ್ಲ ಎನ್ನುವುದಕ್ಕೆ, ಬಂದಿರಾ ಎನ್ನುವುದಕ್ಕೆ, ಸಾಕು ಇನ್ನು ಹೊರಡಿ ಎನ್ನುವುದಕ್ಕೆ, ಎಲ್ಲದಕ್ಕೂ ನಮ್ಮಲ್ಲಿ ಮೊದಲು ಮಾತಾಡುವುದು ತಲೆ. ಬಾಯಿ ನಿಧಾನವಾಗಿ ಹಿಂದಿನಿಂದ ಬರುತ್ತದೆ. ಪಟ್ಟಿ ಎಂದರೆ ಗದ್ದದಿಂದ ಎದೆಯ ತನಕ ಹಿಡಿದು ನಿಲ್ಲಿಸುವ, ಒಳಗೆ ಸ್ಪಂಜು ಹೊರಗೆ ಪ್ಲಾಸ್ಟಿಕ್ ಇದ್ದ ಒಂದು ದಪ್ಪ ಕಾಲರು. ಅದನ್ನು ಹಾಕಿಕೊಂಡು ದೊಡ್ಡಮ್ಮ ಯಾರ ಕಡೆಗಾದರೂ ನೋಡಬೇಕಾದರೆ ಪಾದದಿಂದ ಶುರುಮಾಡಿ ಇಡೀ ಮೈಯನ್ನೇ ತಿರುಗಿಸಬೇಕಿತ್ತು, ಕಣದಲ್ಲಿ ಜೀಪು ತಿರುಗಿಸಿದ ಹಾಗೆ.

ಅವಳಿಗೆ ಆ ಪಟ್ಟಿ ಜನರ ಕಣ್ಣಿಗೆ ಬೀಳಬಾರದು. ಆಲೂರಿನಲ್ಲಿ ಒಂದು ಮದುವೆಗೆ ಹೋದಾಗ ಸೆರಗನ್ನು ತಲೆಯ ಮೇಲಿಂದ ಎಳೆದು ಕತ್ತಿಗೆ ಸುತ್ತಿಕೊಂಡಿದ್ದಳು. ದೂರದ ನೆಂಟರೊಬ್ಬರು ಎದುರಿಗೆ ಬಂದು, "ಊಟ ಆಯ್ತಾ ಅಕ್ಕಾ?" ಎಂದರು. ದೊಡ್ಡಮ್ಮನ ಬಾಯಿ ತುಂಬ ಎಲೆಯಡಿಕೆ. ತಲೆಯಾಡಿಸುವ ಹಾಗಿಲ್ಲ. ಅವರನ್ನೇ ನೆಟ್ಟಗೆ ನೋಡುತ್ತ ನಿಂತಳು. ಸಂಜೆಯ ಹೊತ್ತಿಗೆ ಮಾತು ನಮ್ಮ ತನಕ ಬಂತು: "ಕಾಫಿಗೆ ರೇಟು ಬಂದ್ಮೇಲೆ ಆಯಮ್ಮನ ಕತ್ತೇ ಬಗ್ಗಲ್ಲ ಬುಡಿ."

"ನಿಜಾನೇ ಹೇಳವ್ರಲ್ಲ," ಎಂದು ದೊಡ್ಡಮ್ಮ ನಕ್ಕಳು. "ಸುಳ್ಳಾಗಿದ್ರೆ ಜಗಳ ಆಡ್ಬೋದಿತ್ತು."

ಸಕಲೇಶಪುರದಿಂದ ಆನೇಮಹಲ್ ದಾಟಿ ಮಣ್ಣಿನ ರಸ್ತೆಯಲ್ಲಿ ಒಳಗೆ ಹೋದರೆ ದೊಡ್ಡಪ್ಪನ ಕಾಫಿ ತೋಟ. ಎಸ್ಟೇಟ್ ಎಂದು ಬೋರ್ಡು ಹಾಕುವಷ್ಟು ದೊಡ್ಡದಲ್ಲ, ಹಾಕದೆ ಬಿಡುವಷ್ಟು ಚಿಕ್ಕದೂ ಅಲ್ಲ. ಬೋರ್ಡು ಇತ್ತು. ನಾನು ಆ ವರ್ಷ ಮೈಸೂರಿನಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಕಾಲೇಜುಗಳಿಗೆ ಅರ್ಜಿ ಹಾಕಿ, ಕುಂದೂರಿನ ನಮ್ಮ ಮನೆಯಲ್ಲಿ ಉತ್ತರ ಕಾಯುತ್ತ ಕೂತಿದ್ದೆ. ಅಕ್ಕನ ಕತ್ತಿಗೆ ಆಪರೇಷನ್ ಆಗಿದೆ, ಕೂತು ಕಾಯುವುದನ್ನು ಅಲ್ಲೇ ಹೋಗಿ ಕಾಯಿ ಎಂದು ಅಮ್ಮ ಕಳಿಸಿದಳು. ಬಂದ ದಿನವೇ ದೊಡ್ಡಪ್ಪ ನನ್ನನ್ನು ಮನೆಯ ಅರ್ಧ ಡಾಕ್ಟರಾಗಿ ನೇಮಿಸಿದರು.

"ನೀನು ಮೂಳೆ ಗೀಳೆ ಎಲ್ಲ ಓದಿದ್ದೀಯಲ್ಲ?"

"ಓದಿದ್ದೇನೆ ದೊಡ್ಡಪ್ಪ. ಹೆಚ್ಚಾಗಿ ಕಪ್ಪೆಯದು."

"ಕಪ್ಪೆಗೆ ಕತ್ತೇ ಇಲ್ವಲ್ಲೇ," ಎಂದಳು ದೊಡ್ಡಮ್ಮ. ಆಮೇಲೆ ನಾನು ಏನು ಹೇಳಲು ಹೊರಟರೂ ಅವಳು ಇದೊಂದು ಮಾತಿನಲ್ಲಿ ನನ್ನನ್ನು ಕೂರಿಸುತ್ತಿದ್ದಳು.

ಆಪರೇಷನ್ನಿಗೆ ಅವಳು ಒಪ್ಪಿದ ಕಥೆಯನ್ನು ಹೇಳಬೇಕು, ಇಲ್ಲವಾದರೆ ಮುಂದಿನದು ಅರ್ಥವಾಗುವುದಿಲ್ಲ. ಕತ್ತಿನ ಎರಡು ಮೂಳೆಮಣಿಗಳ ನಡುವಿನ ಮೆತ್ತೆ ಸವೆದು ಹೊರಗೆ ಜಾರಿ ನರವನ್ನು ಒತ್ತುತ್ತಿತ್ತು. ಬಲಗೈ ನೋಯುತ್ತಿತ್ತು, ಎಡಗೈ ಜೋಮು ಹಿಡಿಯುತ್ತಿತ್ತು. ನೋವಿಗೆ ಅವಳು ಹೆದರಲಿಲ್ಲ. ಎಣ್ಣೆ ಹಚ್ಚಿಕೊಂಡು, ಬಿಸಿನೀರು ಹುಯ್ದುಕೊಂಡು, ಡಾಕ್ಟರ ಮಾತನ್ನು ಒಂದು ಮಳೆಗಾಲ ಪೂರ್ತಿ ಮುಂದಕ್ಕೆ ತಳ್ಳಿದಳು. ಒಂದು ಬೆಳಿಗ್ಗೆ ಪೂಜೆಗೆ ಕೂತಾಗ ಎಡ ಅಂಗೈ ಮೇಲಿದ್ದ ಇಷ್ಟಲಿಂಗ ಜಾರಿ ಮಡಿಲಿಗೆ ಬಿತ್ತು. ಬಿದ್ದದ್ದು ಕೈಗೆ ಗೊತ್ತೇ ಆಗಲಿಲ್ಲ. ನಮ್ಮ ಮನೆಗಳಲ್ಲಿ ಲಿಂಗ ಕಟ್ಟಿದ ದಿನದಿಂದ ಅದು ಮೈ ಬಿಟ್ಟು ಹೋಗುವ ಹಾಗಿಲ್ಲ. ಕೊರಳಿನ ದಾರದಲ್ಲಿ, ಬೆಳ್ಳಿಯ ಕರಡಿಗೆಯೊಳಗೆ, ಎದೆಯ ಮೇಲೆ ಸದಾ ಇರಬೇಕು. ಮಡಿಲಿಗೆ ಬಿತ್ತು, ನೆಲಕ್ಕೆ ಬೀಳಲಿಲ್ಲ, ಅದೇ ಪುಣ್ಯ. ಪೂಜೆ ಮುಗಿಸಿ ಹೊರಗೆ ಬಂದವಳೇ ದೊಡ್ಡಪ್ಪನಿಗೆ, "ಜೀಪು ತೆಗೀರಿ, ಕೊಯ್ಸಿಕೊಂಡು ಬರೋಣ," ಎಂದಳಂತೆ, ಭತ್ತದ ಗದ್ದೆ ಕೊಯ್ಯಿಸಲು ಹೊರಟವರ ಹಾಗೆ.

ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಯಲ್ಲಿ ಗಂಟಲಿನ ಮುಂದಿನಿಂದ ಕೊಯ್ದು, ಸವೆದ ಮೆತ್ತೆಯನ್ನು ತೆಗೆದು, ಆ ಜಾಗಕ್ಕೆ ಸೊಂಟದ ಮೂಳೆಯ ಒಂದು ತುಂಡನ್ನು ಕೂರಿಸಿದರು. ಆ ತುಂಡು ಮೇಲಿನ ಮಣಿಗೂ ಕೆಳಗಿನ ಮಣಿಗೂ ಬೆಸೆದು ಎರಡೂ ಒಂದೇ ಮೂಳೆಯಾಗಬೇಕು. ಆಪರೇಷನ್ ಆಗುವಷ್ಟು ಹೊತ್ತು ಲಿಂಗವನ್ನು ಅವಳ ಅಂಗೈಗೆ ಬ್ಯಾಂಡೇಜು ಸುತ್ತಿ ಕಟ್ಟಿದ್ದರಂತೆ. ಹಾಗೆ ಕಟ್ಟಿಕೊಟ್ಟ ನರ್ಸಮ್ಮನ ಗುಣಗಾನ ಮನೆಯಲ್ಲಿ ದಿನಾ ನಡೆಯುತ್ತಿತ್ತು. ದೊಡ್ಡಪ್ಪ ಈ ಬೆಸುಗೆಯನ್ನು ಕಸಿ ಎಂದು ಕರೆದರು. ಕಿತ್ತಳೆ ಗಿಡಕ್ಕೆ ಕಸಿ ಕಟ್ಟಿ ಗೊತ್ತಿದ್ದವರು; ಬೆಳಿಗ್ಗೆ ಎದ್ದು, "ಕಸಿ ಹಿಡೀತೇನೆ?" ಎಂದು ಕೇಳುತ್ತಿದ್ದರು.

"ಚಿಗುರು ಬಂದ್ರೆ ಹೇಳ್ತೀನಿ. ಅಲ್ರೀ, ಸೊಂಟದ ಮೂಳೆ ಕತ್ತಿಗೆ ಇಟ್ಟವ್ರೆ. ಇನ್ಮೇಲೆ ಸೊಂಟ ನೋವು ಬಂದ್ರೆ ಎಲ್ಲಿಗೆ ಎಣ್ಣೆ ತಿಕ್ಕಬೇಕು ನಾನು?"

ಆರು ತಿಂಗಳಾದ ಮೇಲೆ ಸಕಲೇಶಪುರದಲ್ಲೇ ಒಂದು ಎಕ್ಸ್‌ರೇ ತೆಗೆಸಿ, ನಮ್ಮ ಮನೆಯ ಡಾಕ್ಟರಿಗೆ ತೋರಿಸಬೇಕು, ಮೂಳೆ ಕೂಡಿದ್ದರೆ ಪಟ್ಟಿ ಬಿಚ್ಚಬಹುದು ಎಂದು ಆಸ್ಪತ್ರೆಯವರು ಹೇಳಿದ್ದರು. ಆ ದಿನಕ್ಕಾಗಿ ದೊಡ್ಡಮ್ಮ ಕಾದದ್ದು ಅಷ್ಟಿಷ್ಟಲ್ಲ. ಪಟ್ಟಿಯನ್ನು ಏನು ಮಾಡಬೇಕು ಎಂಬ ಯೋಚನೆಯೂ ಆಗಿತ್ತು; ಒಲೆಗೆ ಹಾಕುವುದು, ಇಲ್ಲವೇ ಆಲೂರಿನ ಆ ನೆಂಟರಿಗೆ ಪಾರ್ಸೆಲ್ ಮಾಡುವುದು.

ಎಕ್ಸ್‌ರೇ ತೆಗೆಯುವವನು ತೆಳ್ಳಗಿನ, ಅವಸರದ ಮನುಷ್ಯ. "ಕತ್ತಲ್ಲಿ ಏನೂ ಇರಬಾರದು. ಸರ, ದಾರ, ಓಲೆ, ಹೇರ್‌ಪಿನ್ನು, ಎಲ್ಲ ತೆಗೀರಿ. ಎದೆ ಮೇಲೂ ಏನೂ ಬ್ಯಾಡ," ಎಂದು ಹೇಳಿ ನನ್ನನ್ನು ಹೊರಗೆ ನಿಲ್ಲಿಸಿದ. ಪರದೆಯ ಸಂದಿಯಿಂದ ದೊಡ್ಡಮ್ಮನ ಕೈ ಒಂದೊಂದಾಗಿ ಸಾಮಾನು ದಾಟಿಸಿತು: ಪಟ್ಟಿ, ಸರ, ಓಲೆ, ಪಿನ್ನುಗಳು, ಕೊನೆಗೆ ಬೆಳ್ಳಿಯ ಕರಡಿಗೆ. ಕರಡಿಗೆ ಹಗುರವಾಗಿತ್ತು. ಲಿಂಗವನ್ನು ತಾನೇ ಇಟ್ಟುಕೊಂಡಿದ್ದಾಳೆ ಎಂದು ತಿಳಿದುಕೊಂಡೆ. ಎಲ್ಲಿ ಎಂದು ಕೇಳಲಿಲ್ಲ. ನನ್ನ ರವಿಕೆಯೊಳಗೂ ಒಂದು ಲಿಂಗವಿದೆ. ಅದು ಎಲ್ಲಿದೆ ಎಂದು ಯಾರಾದರೂ ಕೇಳಿದರೆ ನನಗೆ ಇಷ್ಟವಾಗುವುದಿಲ್ಲ.

ಒಳಗಿನಿಂದ ಅವನ ದನಿ ಕೇಳುತ್ತಿತ್ತು. "ಭುಜ ಕೆಳಗೆ ಬಿಡಿ. ಇನ್ನೂ ಕೆಳಗೆ. ಉಸಿರು ಹಿಡೀರಿ. ಅಲ್ಲಾಡಬೇಡಿ."

"ಅಲ್ಲಾಡದೆ ಆರು ತಿಂಗಳಾಯ್ತು ಕಣಪ್ಪ. ನೀನು ಹೊಸ್ದಾಗಿ ಹೇಳ್ಬೇಕಾ?"

ಒದ್ದೆ ಫಿಲಂ ಒಣಗಿ ಕೈಗೆ ಬಂದಾಗ ಅವನ ಮುಖ ಬೇರೆಯಾಗಿತ್ತು. "ಡಾಕ್ಟ್ರಿಗೆ ಇವತ್ತೇ ತೋರಿಸಿ," ಎಂದ.

ನಮ್ಮ ಡಾಕ್ಟರ ಹಿರಿಯರು ಮಂಗಳೂರಿನ ಕಡೆಯಿಂದ ಘಟ್ಟ ಹತ್ತಿ ಬಂದ ಕ್ರಿಶ್ಚಿಯನ್ನರು. ಎರಡು ತಲೆಮಾರು ಕಳೆದರೂ ಡಾಕ್ಟರ ಮಾತು ಘಟ್ಟ ಹತ್ತಿರಲಿಲ್ಲ. ಫಿಲಂ ಅನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ ಮೊದಲು ಸಂತೋಷಪಟ್ಟರು. "ನೋಡಿ, ಇಲ್ಲಿ ಕೂಡಿದ ಹಾಗೆ ಕಾಣ್ತದೆ. ಎರಡು ಮಣಿ ಒಂದಾದ ಕಡೆ ಇನ್ನು ಬಗ್ಗುವುದಿಲ್ಲ. ಅದರ ಕೆಲಸವನ್ನು ಮೇಲಿನ ಮಣಿ, ಕೆಳಗಿನ ಮಣಿ ಹಂಚಿಕೊಳ್ಳಬೇಕು. ಕೆಲಸ ಜಾಸ್ತಿ ಬಿದ್ದ ಮೂಳೆ ಸುಮ್ಮನೆ ಇರುವುದಿಲ್ಲ, ಅಂಚಿನಲ್ಲಿ ಹಕ್ಕಿಯ ಕೊಕ್ಕಿನ ಹಾಗೆ ಸ್ವಲ್ಪ ಬೆಳೀತದೆ."

"ಅಂದ್ರೆ, ರಜಾ ಹಾಕಿದೋಳ ಸಾಲನ್ನ ಪಕ್ಕದೋಳು ಕುಯ್ದಂಗೆ," ಎಂದಳು ದೊಡ್ಡಮ್ಮ. ಕಾಫಿ ಹಣ್ಣು ಕುಯ್ಯುವ ಹೆಂಗಸರು ಸಾಲು ಹಂಚಿಕೊಳ್ಳುವುದು ಹಾಗೆ.

"ಹೌದು, ಅದೇ. ಆದರೆ..." ಡಾಕ್ಟರು ಕನ್ನಡಕವನ್ನು ಹಣೆಗೆ ಏರಿಸಿದರು. "ಎಂತ ಮಾರಾಯ್ರೆ ಇದು?"

ಕತ್ತಿನ ಮಣಿಗಳ ಹಿಂದೆ, ತಲೆಬುರುಡೆಯ ಬುಡದಲ್ಲಿ, ಬೆಳ್ಳಗೆ ಒಂದು ಉಂಡೆ. ಕೆಳಗೆ ಸಮ, ಮೇಲೆ ಗುಂಡು. ಮೂಳೆಗಿಂತ ಬಿಳಿ. ಡಾಕ್ಟರು ಅವಳ ಹಿಂದೆ ನಿಂತು, ತುರುಬನ್ನು ಮೇಲೆತ್ತಿ, ಕತ್ತಿನ ಹಿಂಭಾಗವನ್ನು ಒತ್ತಿ ನೋಡಿದರು. ಕೈಗೆ ಏನೂ ಸಿಗಲಿಲ್ಲ. ನೋವೇ ಎಂದರು, ಇಲ್ಲ ಎಂದಳು. ಆಪರೇಷನ್ ಆದ ಮೇಲೆ ಮೂಳೆ ಬೆಳೆಯುವುದುಂಟು, ಆದರೆ ಮುಂದಿನಿಂದ ಕೊಯ್ದು ಹಿಂದೆ ಇಷ್ಟು ದೊಡ್ಡದಾಗಿ ಬೆಳೆದದ್ದನ್ನು ತಾನು ನೋಡಿಲ್ಲ, ದೊಡ್ಡ ಆಸ್ಪತ್ರೆಗೇ ಹೋಗಬೇಕು, ಅವರು ಬಹುಶಃ ತೆರೆದು ನೋಡಬೇಕು ಎನ್ನಬಹುದು ಎಂದರು. ಪಟ್ಟಿ ಸದ್ಯಕ್ಕೆ ಇರಲಿ.

ದೊಡ್ಡಮ್ಮ ಫಿಲಂ ಕಡೆ ತಿರುಗಲೇ ಇಲ್ಲ. ತನ್ನ ಬುರುಡೆಯನ್ನು ತಾನೇ ನೋಡಬಾರದು ಎಂಬುದು ಅವಳ ಹಟ. "ಸತ್ತ ಮೇಲೂ ನಾನು ನೋಡಲ್ಲ, ಈಗ್ಯಾಕೆ ನೋಡ್ಲಿ?" ಎಂದು ಮೊದಲಿನಿಂದಲೂ ಹೇಳುತ್ತಿದ್ದಳು. ಮನೆ ಮುಟ್ಟಿದ ಮೇಲೆ ಇಷ್ಟೇ ಹೇಳಿದಳು: "ಇನ್ನೊಂದ್ಸಲ ಕೊಯ್ಸಿಕೊಳ್ಳಕ್ಕೆ ನನ್ ಕೈಲಾಗಲ್ಲ."

ನೋವಿಗೆ ಹೆದರದವಳು ಹಾಗಂದದ್ದು ಕೇಳಿ ದೊಡ್ಡಪ್ಪ ಚಪ್ಪಲಿ ಬಿಚ್ಚುವುದನ್ನೂ ಮರೆತು ಒಳಗೆ ಬಂದರು.

ಸೋಮವಾರ ಘಟ್ಟ ಇಳಿಯುವುದೆಂದಾಯಿತು. ಅಲ್ಲಿಯ ತನಕ ಫಿಲಂ ಜಗುಲಿಯ ಕಿಟಕಿಯಲ್ಲಿ ಬೆಳಕಿಗೆ ಒರಗಿ ನಿಂತಿತ್ತು. ಬಂದವರೆಲ್ಲ ಅದನ್ನು ನೋಡಿ ತಮಗೆ ತೋಚಿದ್ದನ್ನು ಹೇಳಿದರು. ತೋಟದ ಲೆಕ್ಕ ಬರೆಯುವ ರೈಟರು, "ಕಾಯಿಲೆ ಬಿದ್ದ ಕಾಂಡ ಗಂಟು ಕಟ್ಟಂಗೆ ಕಟ್ಟೈತೆ," ಎಂದರು. ದೊಡ್ಡಪ್ಪನಿಗೆ ಒಂದು ಸಿದ್ಧಾಂತವೇ ಹುಟ್ಟಿತು: ಸೊಂಟದ ಮೂಳೆ ದಪ್ಪನೆಯ ಜಾತಿ, ಕತ್ತಿಗೆ ಕಸಿ ಕಟ್ಟಿದರೂ ತನ್ನ ಜಾತಿಗೆ ತಕ್ಕ ಹಾಗೆ ಬೆಳೆದಿದೆ.

"ಏನಂತೀಯ?" ಎಂದು ನನ್ನನ್ನು ಕೇಳಿದರು.

"ಹಾಗಾಗುವುದಿಲ್ಲ ದೊಡ್ಡಪ್ಪ."

"ಮತ್ತೆ ಹೆಂಗಾಗೈತೆ?"

ಸ್ಕೇಲು ತಂದು ಉಂಡೆಯ ಅಗಲವನ್ನೂ ಎತ್ತರವನ್ನೂ ಅಳೆದೆ. ಅಳೆಯುವಾಗ ಸ್ವಲ್ಪ ಧೈರ್ಯ ಬಂದ ಹಾಗಿತ್ತು. ಮೂಳೆ ಬೆಳೆದರೆ ಅಂಚು ಒರಟಾಗಿರಬೇಕು, ಪಕ್ಕದ ಮೂಳೆಗೆ ಎಲ್ಲಾದರೂ ಅಂಟಿರಬೇಕು. ಇದು ಯಾವುದಕ್ಕೂ ಅಂಟದೆ, ನುಣ್ಣಗೆ, ಯಾರೋ ತಂದಿಟ್ಟ ಹಾಗೆ ಕೂತಿತ್ತು. ಅದನ್ನು ಹೇಳಿದ್ದಕ್ಕೆ ದೊಡ್ಡಪ್ಪ ನಿಟ್ಟುಸಿರು ಬಿಟ್ಟರು. "ಕಪ್ಪೆಗೆ ಕತ್ತಿದ್ದಿದ್ರೆ ಚೆನ್ನಾಗಿತ್ತು," ಎಂದರು.

ಒಳಗೆ ದೊಡ್ಡಮ್ಮ ಮನೆಯನ್ನು ಒಪ್ಪಿಸಿಕೊಡುತ್ತಿದ್ದಳು. ಯಾವ ಭರಣಿಯ ಉಪ್ಪಿನಕಾಯಿ ಮೊದಲು ಮುಗಿಸಬೇಕು, ಕೆಂದು ಹಸುವಿನ ಯಾವ ಮಗ್ಗುಲಲ್ಲಿ ಕೂತರೆ ಒದೆಯುತ್ತದೆ, ಇಡ್ಲಿ ಪಾತ್ರೆಯ ಮುಚ್ಚಳ ಯಾವ ಮನೆಗೆ ಹೋಗಿದೆ. ನಾನು ತಲೆಯಾಡಿಸುತ್ತಿದ್ದೆ. ಒಮ್ಮೆ ಅವಳು ನನ್ನನ್ನೇ ನೋಡುತ್ತ, "ಎಷ್ಟು ಸಲೀಸಾಗಿ ಆಡಿಸ್ತೀಯೆ," ಎಂದಳು. ಆಮೇಲೆ ನಾನು ಬಾಯಲ್ಲೇ ಹೂಂ ಎನ್ನತೊಡಗಿದೆ.

ಭಾನುವಾರ ಬೆಳಿಗ್ಗೆ ಯಾವ ಪೆಟ್ಟಿಗೆ ಒಯ್ಯಬೇಕೆಂದು ಕೇಳಲು ದೇವರ ಕೋಣೆಯ ಬಾಗಿಲಿಗೆ ಹೋದೆ. ಪೂಜೆಯ ಹೊತ್ತಿನಲ್ಲಿ ಅಲ್ಲಿ ನಿಂತು ನೋಡುವುದು ನನ್ನ ಅಭ್ಯಾಸವಲ್ಲ. ದೊಡ್ಡಮ್ಮ ಕಿಟಕಿಗೆ ಅಡ್ಡವಾಗಿ ಕೂತಿದ್ದಳು. ಮೊದಲಾಗಿದ್ದರೆ ಅಂಗೈಯನ್ನು ಎದೆಯ ಹತ್ತಿರ ಹಿಡಿದು, ತಲೆ ಬಗ್ಗಿಸಿ ನೋಡುತ್ತಿದ್ದಳು. ಪಟ್ಟಿ ಬಂದ ಮೇಲೆ ಬಗ್ಗುವ ಹಾಗಿಲ್ಲವಲ್ಲ, ಕೈಯನ್ನೇ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿಯುತ್ತಿದ್ದಳು. ಹಿಂದಿನಿಂದ ಬೆಳಕು. ಅಂಗೈ ಮೇಲೆ ಕಪ್ಪಗೆ ಲಿಂಗದ ಆಕಾರ. ಕೆಳಗೆ ಸಮ, ಮೇಲೆ ಗುಂಡು.

ಪೂಜೆಯ ನಡುವೆ ಅವಳು ಮಾತಾಡುವುದಿಲ್ಲ. ಅವತ್ತೇ ನೋಡಿ, ಮರುದಿನ ಆಸ್ಪತ್ರೆಗೆ ಹೋಗುವವಳೆಂದು ಪೂಜೆಯನ್ನು ಉದ್ದ ಮಾಡಿದ್ದಳು. ನಾನು ಬಾಗಿಲಲ್ಲಿ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತೆ. ಕೊನೆಗೆ ಲಿಂಗವನ್ನು ಕರಡಿಗೆಗೆ ಸೇರಿಸಿ, ಮೈಯನ್ನೆಲ್ಲ ನನ್ನ ಕಡೆಗೆ ತಿರುಗಿಸಿ, "ಏನೇ?" ಎಂದಳು.

"ದೊಡ್ಡಮ್ಮ, ಎಕ್ಸ್‌ರೇ ತೆಗೆಯುವಾಗ ಲಿಂಗ ಎಲ್ಲಿತ್ತು?"

"ನನ್ನತ್ರಾನೇ ಇತ್ತು."

"ನಿನ್ನ ಹತ್ತಿರ ಅಂದರೆ, ಎಲ್ಲಿ?"

"ಇದೇನೆ, ಪೊಲೀಸ್ನೋರು ಕೇಳ್ದಂಗೆ ಕೇಳ್ತೀಯ? ಆ ಪುಣ್ಯಾತ್ಮ ಭುಜ ಇಳೀಬೇಕು ಅಂತ ಎರಡು ಕೈಗೂ ಮರಳಿನ ಚೀಲ ಕೊಟ್ಟು ಕೆಳಗೆ ಬಿಡು ಅಂದ. ಹೊಕ್ಕುಳಿಂದ ಕೆಳಗೆ ಲಿಂಗ ಇಳಿಸಕ್ಕಾಗುತ್ತಾ? ಕತ್ತಲ್ಲಿ ಬ್ಯಾಡ ಅಂದ, ಎದೇಲಿ ಬ್ಯಾಡ ಅಂದ. ಇನ್ನು ಉಳಿದಿದ್ದು ತಲೆ ತಾನೆ? ಬಟ್ಟೇಲಿ ಸುತ್ತಿ ತುರುಬೊಳಗೆ ಇಟ್ಕೊಂಡೆ. ತೆಗೆದಾದ ಮೇಲೆ ಮತ್ತೆ ಕೊರಳಿಗೆ ಹಾಕ್ಕೊಂಡೆ. ಯಾಕೆ?"

ನಾನು ಜಗುಲಿಗೆ ಹೋಗಿ ಫಿಲಂ ತಂದೆ. ಬೇಡ ಬೇಡ ಎಂದು ಅವಳು ಕಣ್ಣು ಮುಚ್ಚಿಕೊಂಡಳು. "ಬುರುಡೆ ನೋಡಬೇಡ, ಹಿಂದೆ ಇರುವುದನ್ನು ಮಾತ್ರ ನೋಡು," ಎಂದೆ. ಬುರುಡೆಯ ಮೇಲೆ ನನ್ನ ಕೈ ಅಡ್ಡ ಇಟ್ಟೆ. ಅವಳು ಒಂದು ಕಣ್ಣು ತೆರೆದಳು. ಆಮೇಲೆ ಇನ್ನೊಂದು.

"ಅಯ್ಯೋ ಶಿವನೆ," ಎಂದಳು. "ಇದು ನೀನೇನಾ?"

ಪಟ್ಟಿಯ ಒಳಗೆ ನಗುವುದು ಸುಲಭವಲ್ಲ. ಗದ್ದ ಮೇಲೆ ಕೆಳಗೆ ಆಡುವಂತಿಲ್ಲ, ನಗು ಹೊಟ್ಟೆಯಲ್ಲೇ ಸುತ್ತುತ್ತದೆ. ಅವಳ ಭುಜ ಕುಣಿಯಿತು, ಬಳೆ ಸದ್ದಾಯಿತು, ಕಣ್ಣಲ್ಲಿ ನೀರು ಬಂತು. ಸದ್ದು ಕೇಳಿ ಓಡಿಬಂದ ದೊಡ್ಡಪ್ಪ ಅವಳಿಗೆ ಏನೋ ಆಗಿಬಿಟ್ಟಿತೆಂದು ನೀರಿನ ಚೊಂಬು ಹಿಡಿದು ನಿಂತರು. ವಿಷಯ ತಿಳಿದಾಗ ಆ ನೀರನ್ನು ತಾವೇ ಕುಡಿದರು.

"ನಾಳೆ ಅಷ್ಟು ದೂರ ಹೋಗಿ ನಿನ್ನ ದೇವ್ರನ್ನ ಕೊಯ್ಸಿಬುಡ್ತಿದ್ವಲ್ಲೇ!"

"ಸೊಂಟದ ಜಾತಿ ಅಂದ್ರಲ್ಲ," ಎಂದಳು ದೊಡ್ಡಮ್ಮ, ಕಣ್ಣೊರೆಸಿಕೊಳ್ಳುತ್ತ. "ತಪ್ಪಾಯ್ತು ಅಂತ ಅಡ್ಡ ಬೀಳಿ ಈಗ."

ಸೋಮವಾರ ಜೀಪು ಘಟ್ಟ ಇಳಿಯುವ ಬದಲು ಸಕಲೇಶಪುರದಲ್ಲೇ ನಿಂತಿತು. ಡಾಕ್ಟರಿಗೆ ವಿಷಯ ಹೇಳುವ ಕೆಲಸ ನನಗೆ ಬಿತ್ತು. ನಾನು ಎಷ್ಟು ಗಂಭೀರವಾಗಿ ಹೇಳಬಹುದೋ ಅಷ್ಟು ಗಂಭೀರವಾಗಿ ಹೇಳಿದೆ. ಅವರು ಕೇಳಿ, ಫಿಲಂ ನೋಡಿ, ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಬೈಯುತ್ತಾರೆಂದು ದೊಡ್ಡಪ್ಪ ಟೋಪಿ ಕೈಗೆ ತೆಗೆದುಕೊಂಡರು.

"ನನ್ನ ಅಮ್ಮನ ಎದೆಯ ಎಕ್ಸ್‌ರೇ ಉಂಟು ಮನೆಯಲ್ಲಿ," ಎಂದರು ಡಾಕ್ಟರು. "ಶ್ವಾಸಕೋಶದ ನಡುವೆ ಮಾತೆ ಮರಿಯಮ್ಮ ನಿಂತಿದ್ದಾರೆ. ಕೊರಳಿನ ಪದಕ ತೆಗೀಲಿಕ್ಕೆ ಅವರೂ ಒಪ್ಪಲಿಲ್ಲ. ಆದರೆ ಪದಕ ಅಂತ ನೋಡಿದ ಕೂಡಲೇ ಗೊತ್ತಾಗ್ತದೆ. ನಿಮ್ಮ ದೇವರು ಮೂಳೆಯ ಹಾಗೇ ಬಂದು ಕೂತರೆ ನಾನು ಎಂತ ಮಾಡುವುದು?"

ಇನ್ನೊಂದು ಫಿಲಂ ತೆಗೆಸಬೇಕು, ಲಿಂಗ ಎಲ್ಲಿರಬೇಕೆಂಬುದನ್ನು ನೀವೇ ಮೊದಲು ತೀರ್ಮಾನ ಮಾಡಿಕೊಂಡು ಹೋಗಿ ಎಂದರು. ಫಿಲಂ ಕಿವಿಯ ಮಟ್ಟಕ್ಕೆ ಮುಗಿಯುತ್ತದೆ, ಅದಕ್ಕಿಂತ ಮೇಲಿರುವುದು ಚಿತ್ರದಲ್ಲಿ ಬೀಳುವುದಿಲ್ಲ ಎಂದು ಪೆನ್ಸಿಲಿನಲ್ಲಿ ಗೆರೆ ಎಳೆದು ತೋರಿಸಿದರು. ದೊಡ್ಡಪ್ಪ ತಮ್ಮ ಹೆಗಲ ಮೇಲಿದ್ದ ಟವೆಲ್ಲನ್ನು ಕೊಟ್ಟರು. ಬಟ್ಟೆಯಲ್ಲಿ ಸುತ್ತಿದ ಲಿಂಗವನ್ನು ನೆತ್ತಿಯ ನಟ್ಟನಡುವೆ ಇಟ್ಟು, ಮೇಲೆ ಟವೆಲ್ಲನ್ನು ಪೇಟದಂತೆ ಬಿಗಿಯಾಗಿ ಸುತ್ತಿದೆ. ಎಕ್ಸ್‌ರೇಯವನು ಬಾಗಿಲು ತೆರೆದವನೇ ನಿಂತುಬಿಟ್ಟ.

"ಇದೇನಮ್ಮ, ಗಂಡಿನ ಕಡೆಯೋರು ನೀವೇನಾ?"

"ಬ್ಯಾಗ ತೆಗಿ ಮಾರಾಯ, ಧಾರೆ ಮುಹೂರ್ತ ಮೀರ್ತೈತೆ," ಎಂದಳು ದೊಡ್ಡಮ್ಮ, ಮರಳಿನ ಚೀಲಗಳಿಗೆ ತಾನೇ ಕೈ ಚಾಚುತ್ತ.

ಎರಡನೆಯ ಫಿಲಂನಲ್ಲಿ ಕತ್ತು ಮಾತ್ರ ಇತ್ತು. ಎರಡು ಮಣಿಗಳ ನಡುವಿನ ಗೆರೆ ಅಳಿಸಿಹೋಗಿ ಒಂದೇ ಮೂಳೆಯಾಗಿತ್ತು. ಅದರ ಮೇಲಿನ ಮಣಿಯ ಮುಂದಿನ ಅಂಚಿನಲ್ಲಿ, ಡಾಕ್ಟರು ಹೇಳಿದ್ದ ಹಾಗೆ, ಭತ್ತದ ಮೊನೆಯಷ್ಟು ಒಂದು ಕೊಕ್ಕು. ನಾನು ಅದನ್ನು ಬಹಳ ಹೊತ್ತು ನೋಡಿದೆ. ಇಷ್ಟೊಂದು ಗದ್ದಲದ ಮಧ್ಯೆ ನಿಜವಾಗಿ ಬೆಳೆದದ್ದು ಇದೊಂದೇ, ಅದನ್ನು ಯಾರೂ ಗಮನಿಸಿರಲಿಲ್ಲ. ಇದು ಮೂಳೆಯ ಸ್ವಂತದ್ದು, ಇರಲಿ, ವರ್ಷಕ್ಕೊಮ್ಮೆ ನೋಡುತ್ತಿದ್ದರಾಯಿತು ಎಂದರು ಡಾಕ್ಟರು. ಆಮೇಲೆ ಎದ್ದು ಬಂದು ಪಟ್ಟಿಯನ್ನು ತಾವೇ ಬಿಚ್ಚಿದರು.

ದೊಡ್ಡಮ್ಮನ ಕತ್ತು ಬಿಳಿಚಿ, ಸಣ್ಣಗಾಗಿ, ಬೇರೆ ಯಾರದೋ ಕತ್ತಿನ ಹಾಗೆ ಕಂಡಿತು. ಅವಳು ಅಲ್ಲಾಡಿಸಲು ಹೆದರಿದಳು. "ಹೌದು ಅನ್ನಿ ನೋಡುವ," ಎಂದರು ಡಾಕ್ಟರು. ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ, ತುಂಬಿದ ಕೊಡ ಹೊತ್ತವಳಂತೆ ಹೌದು ಎಂದಳು. ದೊಡ್ಡಪ್ಪನೂ ಜೊತೆಗೆ ತಲೆಯಾಡಿಸಿದರು, ಅವರನ್ನು ಯಾರೂ ಕೇಳದಿದ್ದರೂ.

ಪಟ್ಟಿಯನ್ನು ಒಲೆಗೆ ಹಾಕಲಿಲ್ಲ, ಆಲೂರಿಗೂ ಕಳಿಸಲಿಲ್ಲ. ಅದು ಅಟ್ಟದಲ್ಲಿ ಉಳಿಯಿತು. ಒಳ್ಳೆಯ ಫಿಲಂ ಅನ್ನು ಸೂರ್ಯಗ್ರಹಣ ನೋಡುತ್ತೇವೆಂದು ಪಕ್ಕದ ತೋಟದವರು ಒಯ್ದು ಮತ್ತೆ ಕೊಡಲಿಲ್ಲ. ಕೆಟ್ಟ ಫಿಲಂ ಬಗ್ಗೆ ಮಾತ್ರ ಸ್ವಲ್ಪ ತಕರಾರಾಯಿತು. ತಪ್ಪು ಚಿತ್ರ, ಎಸೆದುಬಿಡಿ ಎಂದು ಡಾಕ್ಟರು ಹೇಳಿದ್ದರು. ನಾನೂ ಅದನ್ನೇ ಹೇಳಿದೆ.

"ಎಸೆಯೋದಾ? ಲಿಂಗ ಐತೆ ಕಣೆ ಅದ್ರಲ್ಲಿ," ಎಂದಳು ದೊಡ್ಡಮ್ಮ.

"ನೆರಳು ದೊಡ್ಡಮ್ಮ. ನೆರಳು ಮಾತ್ರ."

"ಕಪ್ಪೆಗೆ..." ಎಂದು ಶುರುಮಾಡಿದಳು. ನಾನು ಫಿಲಂ ಅನ್ನು ಅವಳ ಕೈಗೆ ಕೊಟ್ಟೆ.

ಫಿಲಂ ದೇವರ ಕೋಣೆಯ ಗೂಡಿಗೆ ಹೋಯಿತು. ಬುರುಡೆ ಕಾಣದ ಹಾಗೆ ಅದರ ಮೇಲ್ಭಾಗಕ್ಕೆ ಕೆಂಪು ರೇಷ್ಮೆಯ ತುಂಡೊಂದನ್ನು ಹೊಲಿದಳು. ಕೆಳಗೆ ಕತ್ತಿನ ಮಣಿಗಳೂ ಹಿಂದಿನ ಬಿಳಿ ಉಂಡೆಯೂ ಕಾಣುತ್ತಿದ್ದವು. ಉಂಡೆಯ ಮೇಲೆ ದಿನಾ ಒಂದು ಬೊಟ್ಟು ವಿಭೂತಿ. ಕಾಲೇಜಿನಿಂದ ನನಗೆ ಕೆಲಸದ ಆರ್ಡರು ಬಂದು ಹೊರಡುವ ಬೆಳಿಗ್ಗೆ ನಮಸ್ಕಾರ ಮಾಡಲು ಒಳಗೆ ಹೋದೆ. ದೊಡ್ಡಮ್ಮ ಪೂಜೆಗೆ ಕೂತಿದ್ದಳು. ತಲೆ ಮೊದಲಿನಷ್ಟು ಬಗ್ಗುತ್ತಿರಲಿಲ್ಲ. ಅರ್ಧದಷ್ಟು ಬಗ್ಗಿ ನಿಲ್ಲುತ್ತಿತ್ತು, ಉಳಿದರ್ಧಕ್ಕೆ ಅವಳು ಅಂಗೈಯನ್ನು ಎತ್ತಿಕೊಳ್ಳುತ್ತಿದ್ದಳು. ಲಿಂಗ ಅಲ್ಲಾಡದೆ ಕೂತಿತ್ತು. ನಾನು ಗೂಡಿನ ಕಡೆಗೆ ತಿರುಗಿ ಕೈ ಮುಗಿದೆ. ಒಂದು ಎಕ್ಸ್‌ರೇಗೆ ನಾನು ಕೈ ಮುಗಿದದ್ದು ಅದೇ ಮೊದಲು. ದೊಡ್ಡಮ್ಮ ಮಾತಾಡುವಂತಿರಲಿಲ್ಲ. ಕಣ್ಣ ಕೊನೆಯಿಂದ ನನ್ನನ್ನು ನೋಡಿ, ಹೋಗಿ ಬಾ ಎಂದು ನಿಧಾನವಾಗಿ ತಲೆಯಾಡಿಸಿದಳು.